ಡೆನ್ಮಾರ್ಕ್ ನೋಡೋದು ಹೇಗೆ: ಒಂಬತ್ತು ದಿನ, ಒಂದು ಸೈಕಲ್, ಜೇಬಿನಲ್ಲಿ ಒಂದಿಷ್ಟು ಚಿಲ್ಲರೆ

ಡೆನ್ಮಾರ್ಕ್‌ಗೆ ಹೋಗುತ್ತೇವೆ ಅಂದಾಗ ನಮ್ಮ ಮನೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ನೋಡೋಕೆ ಏನಿದೆ?" ತಪ್ಪು ಪ್ರಶ್ನೆಯೇನಲ್ಲ. ಹಿಮದ ಬೆಟ್ಟಗಳಿಲ್ಲ, ದೊಡ್ಡ ಜಲಪಾತಗಳಿಲ್ಲ. ಇಡೀ ದೇಶದ ಅತಿ ಎತ್ತರದ ಜಾಗ 171 ಮೀಟರನ್ನೂ ಮುಟ್ಟುವುದಿಲ್ಲ. 147 ಮೀಟರಿನ ಒಂದು ದಿಣ್ಣೆಗೆ ಅವರಿಟ್ಟ ಹೆಸರು ಏನು ಗೊತ್ತಾ? ‘ಆಕಾಶದ ಬೆಟ್ಟ’! ಆ ಲೆಕ್ಕದಲ್ಲಿ ನಮ್ಮ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಸ್ವರ್ಗದಲ್ಲಿದೆ.

ಯೂರೋಪ್ ಟೂರ್ ಪ್ಯಾಕೇಜಿನವರು ಕೋಪನ್‌ಹೇಗನ್‌ಗೆ ಒಂದೂವರೆ ದಿನ ಕೊಡುತ್ತಾರೆ. ಮತ್ಸ್ಯಕನ್ಯೆಯ ಮುಂದೆ ಫೋಟೋ, ಬಣ್ಣದ ಮನೆಗಳ ಮುಂದೆ ಫೋಟೋ, ಬಸ್ ಹತ್ತಿ ಸ್ವೀಡನ್ ಕಡೆಗೆ. ಅಷ್ಟಕ್ಕೇ ಆದರೆ ಹೋಗಬೇಡಿ ಅಂತಲೇ ನಾನು ಹೇಳುವುದು. ಈ ದೇಶದ ರುಚಿ ಇರುವುದು ಅವರ ದಿನನಿತ್ಯದಲ್ಲಿ. ರೈಲು ಹತ್ತಬೇಕು, ಸೈಕಲ್ ತುಳಿಯಬೇಕು, ಬೇಕರಿಯಲ್ಲಿ ಟೋಕನ್ ಹಿಡಿದು ನಿಲ್ಲಬೇಕು. ನಾನು ಹೋಗಿದ್ದು ಎರಡು ಸಲ. ಒಮ್ಮೆ ಫೆಬ್ರವರಿಯಲ್ಲಿ ಕೆಲಸದ ಮೇಲೆ, ಇನ್ನೊಮ್ಮೆ ಜೂನ್‌ನಲ್ಲಿ ಮನೆಯವರ ಜೊತೆ. ಎರಡೂ ಸಲ ಮಾಡಿದ ತಪ್ಪುಗಳಿಂದ ಕಲಿತದ್ದನ್ನು ಹಂತಹಂತವಾಗಿ ಬರೆದಿದ್ದೇನೆ.

ಮೊದಲು ನಕ್ಷೆ ನೋಡಿಕೊಳ್ಳಿ

ಡೆನ್ಮಾರ್ಕನ್ನು ಮೂರು ತುಂಡು ಅಂತ ನೆನಪಿಟ್ಟುಕೊಂಡರೆ ಸಾಕು. ಪಶ್ಚಿಮದಲ್ಲಿ ಜರ್ಮನಿಗೆ ಅಂಟಿಕೊಂಡ ಜಟ್ಲೆಂಡ್. ಪೂರ್ವದಲ್ಲಿ ಕೋಪನ್‌ಹೇಗನ್ ಇರುವ ಝೀಲ್ಯಾಂಡ್ ದ್ವೀಪ. ಎರಡರ ಮಧ್ಯೆ ಫ್ಯೂನ್ ದ್ವೀಪ. ಇವಲ್ಲದೆ ಹೆಸರಿರುವ ದ್ವೀಪಗಳೇ ನಾನೂರಕ್ಕೂ ಜಾಸ್ತಿ. ಎಲ್ಲೇ ನಿಂತರೂ ಸಮುದ್ರ ಹೆಚ್ಚೆಂದರೆ 50 ಕಿಲೋಮೀಟರ್ ಆಸುಪಾಸಿನಲ್ಲಿ ಇರುತ್ತದೆ. ವಿಸ್ತೀರ್ಣ ಸುಮಾರು 43,000 ಚದರ ಕಿಲೋಮೀಟರ್, ಕರ್ನಾಟಕದ ಕಾಲು ಭಾಗಕ್ಕಿಂತ ಕಡಿಮೆ. ಜನಸಂಖ್ಯೆ 60 ಲಕ್ಷದ ಹತ್ತಿರ.

ಹೀಗೆ ಚಿಕ್ಕದಾಗಿರುವುದರಿಂದ ಒಂದು ಅನುಕೂಲ ಇದೆ. ಒಂಬತ್ತು ದಿನ ಇದ್ದರೆ ಮೂರೂ ತುಂಡುಗಳನ್ನು ರೈಲಿನಲ್ಲೇ ನೋಡಬಹುದು. ಕೋಪನ್‌ಹೇಗನ್‌ನಲ್ಲಿ ನಾಲ್ಕು ರಾತ್ರಿ, ಫ್ಯೂನ್ ದ್ವೀಪದ ಓಡೆನ್ಸೆಯಲ್ಲಿ ಒಂದು, ಜಟ್ಲೆಂಡಿನಲ್ಲಿ ಮೂರು. ನನ್ನ ಲೆಕ್ಕ ಇದು.

ಯಾವಾಗ ಹೋಗಬೇಕು

ಮೇ ಕೊನೆಯಿಂದ ಜೂನ್ ಕೊನೆಯವರೆಗೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಜೂನ್‌ನಲ್ಲಿ ಬೆಳಗಿನ ನಾಲ್ಕೂವರೆಗೇ ಸೂರ್ಯ ಹಾಜರ್, ಮುಳುಗುವುದು ರಾತ್ರಿ ಹತ್ತರ ಹೊತ್ತಿಗೆ. ಊಟ ಮುಗಿಸಿ ಎಂಟು ಗಂಟೆಗೆ ಹೊರಟರೂ ಇನ್ನೂ ಎರಡು ಗಂಟೆ ಬಿಸಿಲಿರುತ್ತದೆ. ಜೂನ್ 23ರ ಸಂಜೆ ಸಾಂಕ್ಟ್ ಹ್ಯಾನ್ಸ್ ಅಂತ ಊರೂರಿನ ಕಡಲ ದಂಡೆಯಲ್ಲಿ ದೊಡ್ಡ ಬೆಂಕಿ ಹಾಕಿ ಹಾಡುತ್ತಾರೆ. ಒಂಥರಾ ನಮ್ಮ ಕಾಮನ ಹಬ್ಬದ ಹಾಗೆ. ಆ ದಿನ ಸಿಕ್ಕರೆ ಬಿಡಬೇಡಿ.

ಜುಲೈ ಕೂಡ ಚೆನ್ನಾಗಿರುತ್ತದೆ. ಆದರೆ ಆಗ ಅವರದ್ದೇ ರಜೆ, ಕಡಲ ತೀರದ ಊರುಗಳೆಲ್ಲ ತುಂಬಿರುತ್ತವೆ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆ ದಾಟಿತು ಅಂದರೆ ಕತ್ತಲೆ. ಕ್ರಿಸ್‌ಮಸ್ ದೀಪಗಳು ಅದನ್ನು ಸ್ವಲ್ಪ ತೂಗಿಸುತ್ತವೆ. ಫೆಬ್ರವರಿಗೆ ಆ ದೀಪಗಳೂ ಇಲ್ಲ. ನನ್ನ ಮೊದಲ ಪ್ರವಾಸದಲ್ಲಿ ನೆನಪಿರುವುದು ಅಡ್ಡಡ್ಡ ಬೀಸುವ ಮಳೆ, ಗಾಳಿಗೆ ತಿರುಚಿಕೊಂಡ ಛತ್ರಿ ಎರಡೇ. ಜೂನ್‌ನಲ್ಲಿ ಹೋದರೂ ಗಾಳಿ ತಡೆಯುವ, ಟೋಪಿ ಇರುವ ಮಳೆ ಜಾಕೆಟ್ ಇಟ್ಟುಕೊಳ್ಳಿ. ಛತ್ರಿ ಮನೆಯಲ್ಲೇ ಇರಲಿ.

ಈಸ್ಟರ್ ವಾರ ಬೇಡ. ಗುರುವಾರ, ಶುಕ್ರವಾರ, ಭಾನುವಾರ, ಸೋಮವಾರ ಸರ್ಕಾರಿ ರಜೆ. ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ.

ವೀಸಾ

ಷೆಂಗೆನ್ ವೀಸಾ ಬೇಕು, ಅಂದರೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಒಂದೇ ವೀಸಾ. ಬೆಂಗಳೂರಿನಲ್ಲೇ ಅರ್ಜಿ ಕೇಂದ್ರ ಇದೆ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕಡೇ ಪಕ್ಷ 15 ದಿನ ಮೊದಲು ಅನ್ನುವುದು ನಿಯಮ, ಆದರೆ ಎರಡು ತಿಂಗಳು ಇಟ್ಟುಕೊಂಡರೆ ನಿದ್ದೆ ಚೆನ್ನಾಗಿ ಬರುತ್ತದೆ. ದೊಡ್ಡವರಿಗೆ ಶುಲ್ಕ 90 ಯೂರೋ, ಕೇಂದ್ರದವರ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟ್, ಹೋಟೆಲ್ ಬುಕಿಂಗ್, ರಜೆ ಪತ್ರ, ಇವು ಎಲ್ಲ ಷೆಂಗೆನ್ ದೇಶಗಳಿಗೂ ಇದ್ದದ್ದೇ. ಎರಡು ಮೂರು ದೇಶ ಸುತ್ತುವುದಿದ್ದರೆ, ಜಾಸ್ತಿ ದಿನ ಎಲ್ಲಿರುತ್ತೀರೋ ಆ ದೇಶದ ಮೂಲಕ ಅರ್ಜಿ ಹಾಕಬೇಕು.

ಒಂದು ಎಚ್ಚರಿಕೆ. ಗ್ರೀನ್‌ಲ್ಯಾಂಡ್ ಮತ್ತು ಫ್ಯಾರೋ ದ್ವೀಪಗಳು ಡೆನ್ಮಾರ್ಕ್ ರಾಜ್ಯಕ್ಕೆ ಸೇರಿದವು, ಆದರೆ ಷೆಂಗೆನ್‌ಗೆ ಸೇರಿಲ್ಲ. ಮಾಮೂಲಿ ವೀಸಾದಲ್ಲಿ ಅಲ್ಲಿಗೆ ಹೋಗಲಾಗದು. ಹೋಗುವ ಆಸೆ ಇದ್ದರೆ ಅರ್ಜಿಯಲ್ಲೇ ಕೇಳಿಕೊಳ್ಳಿ.

ದುಡ್ಡಿನ ವಿಷಯ

ಯೂರೋ ಅಲ್ಲ, ಕ್ರೋನ್ (ಒಂದಕ್ಕಿಂತ ಜಾಸ್ತಿ ಇದ್ದರೆ ಕ್ರೋನರ್). ಒಂದು ಕ್ರೋನ್‌ಗೆ ಹೆಚ್ಚೂಕಡಿಮೆ 13–14 ರೂಪಾಯಿ. ತುಟ್ಟಿ ದೇಶ, ಮುಚ್ಚಿಟ್ಟು ಪ್ರಯೋಜನ ಇಲ್ಲ. ಬೆಲೆಯೊಳಗೇ 25% ತೆರಿಗೆ ಸೇರಿರುತ್ತದೆ. ಮೊದಲ ಎರಡು ದಿನ ಪ್ರತಿಯೊಂದನ್ನೂ ರೂಪಾಯಿಗೆ ಗುಣಿಸಿ ಹೊಟ್ಟೆ ಉರಿಸಿಕೊಳ್ಳುತ್ತೀರಿ, ಮೂರನೇ ದಿನ ಬಿಟ್ಟುಬಿಡುತ್ತೀರಿ.

ಹೋಟೆಲಲ್ಲಿ ಟಿಪ್ಸ್ ಕೊಡಬೇಕಾಗಿಲ್ಲ. ಎಲ್ಲ ಕಡೆ ಕಾರ್ಡ್ ನಡೆಯುತ್ತದೆ. ಅಲ್ಲಿಯವರ ಕೈಯಲ್ಲಿ ‘ಮೊಬೈಲ್‌ಪೇ’ ಆ್ಯಪ್ ಇರುತ್ತದೆ, ನಮ್ಮ ಯುಪಿಐ ಇದ್ದ ಹಾಗೆ. ಸುಮ್ನೆ ನಾಲ್ಕು ದಿನ ಬಂದುಹೋಗುವವರಿಗೆ ಅದು ಸಿಗುವುದಿಲ್ಲ. ಅದಕ್ಕೇ ಎಟಿಎಂನಿಂದ ಒಂದಿಷ್ಟು ತೆಗೆದು, ಎಲ್ಲಾದರೂ ಏನಾದರೂ ಕೊಂಡು ಚಿಲ್ಲರೆ ಮಾಡಿಸಿಟ್ಟುಕೊಳ್ಳಿ. 10, 20 ಕ್ರೋನರ್ ನಾಣ್ಯಗಳು ಬೇಕಾಗುತ್ತವೆ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಹಳೆಯ 1,000 ಕ್ರೋನರ್ ನೋಟು ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ. 2025ರ ಮೇ ನಂತರ ಅದು ಚಲಾವಣೆಯಲ್ಲಿಲ್ಲ.

ನೀರಿಗೆ ಖರ್ಚು ಮಾಡಬೇಡಿ. ನಲ್ಲಿ ನೀರೇ ಕುಡಿಯುವ ನೀರು. ಮನೆಯಿಂದ ಒಂದು ಬಾಟಲಿ ಒಯ್ದರೆ ಸಾಕು. ಪ್ಲಗ್‌ಗೆ ಅಡಾಪ್ಟರ್ ಮರೆಯಬೇಡಿ, ನಮ್ಮ ದಪ್ಪ ಮೂರು ಪಿನ್ ಅಲ್ಲಿ ಕೂರುವುದಿಲ್ಲ.

ವಿಮಾನ ಇಳಿದ ಮೇಲೆ

ಕೋಪನ್‌ಹೇಗನ್ನಿನ ಕಾಸ್ಟ್ರುಪ್ ವಿಮಾನ ನಿಲ್ದಾಣದೊಳಗಿಂದಲೇ ಮೆಟ್ರೋ ಇದೆ. ಕಾಲು ಗಂಟೆಯಲ್ಲಿ ಊರ ನಡುವೆ ಇರುತ್ತೀರಿ. ಟ್ಯಾಕ್ಸಿ ಬೇಡವೇ ಬೇಡ. ಟಿಕೆಟ್ ಯಂತ್ರದಲ್ಲಿ ಮೂರು ವಲಯದ ಟಿಕೆಟ್ ತೆಗೆದುಕೊಳ್ಳಿ. ಅಲ್ಲಿ ನಿಮಗೆ ಒಂದು ಗೊಂದಲ ಆಗುತ್ತದೆ, ಟಿಕೆಟ್ ತೋರಿಸುವುದು ಎಲ್ಲಿ ಅಂತ. ಗೇಟೇ ಇಲ್ಲ! ಸೀದಾ ಪ್ಲಾಟ್‌ಫಾರ್ಮ್. ಹಾಗಂತ ಟಿಕೆಟ್ ಇಲ್ಲದೆ ಹತ್ತಬೇಡಿ. ಯಾವಾಗಲೋ ಒಮ್ಮೆ ತಪಾಸಣೆಯವರು ಬರುತ್ತಾರೆ, ದಂಡ ಭಾರಿ. ರೈಲಿಗೆ ಡ್ರೈವರ್ ಕೂಡ ಇಲ್ಲ. ಮಕ್ಕಳಿದ್ದರೆ ಎಲ್ಲಕ್ಕಿಂತ ಮುಂದಿನ ಸೀಟು ಹಿಡಿಯಿರಿ, ಸುರಂಗ ಎದುರಿಗೇ ಓಡಿ ಬರುತ್ತದೆ.

ಒಂದು ಮತ್ತು ಎರಡನೇ ದಿನ: ಕೋಪನ್‌ಹೇಗನ್

ಮತ್ಸ್ಯಕನ್ಯೆಯ ಪ್ರತಿಮೆಯನ್ನು ಮೊದಲು ಮುಗಿಸಿಬಿಡೋಣ. 1913ರಲ್ಲಿ ಇಟ್ಟದ್ದು, ಎತ್ತರ 1.25 ಮೀಟರ್. ಅಂದರೆ ಏಳೆಂಟು ವರ್ಷದ ಮಗುವಿನಷ್ಟು. ತಲೆ ಕಡಿದುಕೊಂಡು ಹೋದದ್ದು ಎರಡು ಸಲ. ನೋಡಿ, ಆದರೆ ಅರ್ಧ ದಿನ ಕೊಡಬೇಡಿ. ಬಂದರಿನಲ್ಲಿ ಓಡುವ ಹಳದಿ ದೋಣಿ ಬಸ್ ಹತ್ತಿ. ಬಸ್ಸಿನ ಟಿಕೆಟ್ಟೇ ಅದಕ್ಕೂ ನಡೆಯುತ್ತದೆ. ದುಬಾರಿ ಬೋಟ್ ಟೂರಿನಲ್ಲಿ ಕಾಣುವ ಅರ್ಧ ಊರು ಇದರಲ್ಲೇ ಕಾಣುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ದುಂಡು ಗೋಪುರ, ರುಂಡೆತಾರ್ನ್. ನಾಲ್ಕನೇ ಕ್ರಿಶ್ಚಿಯನ್ ದೊರೆ ಕಟ್ಟಿಸಿದ್ದು, 1642ರಲ್ಲಿ ಮುಗಿಯಿತು. ತುದಿಯ ಕೆಲವು ಮೆಟ್ಟಿಲು ಬಿಟ್ಟರೆ ಒಳಗೆ ಮೆಟ್ಟಿಲುಗಳಿಲ್ಲ. ಇಟ್ಟಿಗೆ ಹಾಸಿದ ಇಳಿಜಾರು ದಾರಿ ಸುತ್ತಿ ಸುತ್ತಿ ಏಳೂವರೆ ಸುತ್ತು ಮೇಲೇರುತ್ತದೆ. ರಷ್ಯಾದ ದೊರೆ ಪೀಟರ್ 1716ರಲ್ಲಿ ಇದರ ತುದಿಗೆ ಕುದುರೆ ಮೇಲೆ ಹೋದನಂತೆ. ಮಂಡಿನೋವಿರುವ ನಮ್ಮ ಅತ್ತೆಯವರು ಗೋಡೆ ಹಿಡಿದು ನಿಧಾನಕ್ಕೆ ಹತ್ತಿ ಮೇಲೆ ತಲುಪಿದರು. ಯೂರೋಪಿನ ಬೇರೆ ಯಾವ ಗೋಪುರವೂ ಅವರಿಗೆ ದಕ್ಕಿರಲಿಲ್ಲ. ಇದೇ ದೊರೆಯ ಕಾಲದಲ್ಲೇ, 1620ರಲ್ಲಿ, ಡೇನರು, ಅಂದರೆ ಡೆನ್ಮಾರ್ಕಿನವರು, ತಮಿಳುನಾಡಿನ ತರಂಗಂಬಾಡಿಗೆ ಬಂದು ಡ್ಯಾನ್ಸ್‌ಬೋರ್ಗ್ ಕೋಟೆ ಕಟ್ಟಿದ್ದು. 1845ರಲ್ಲಿ ಬ್ರಿಟಿಷರಿಗೆ ಮಾರಿ ಹೊರಟರು. ಕೋಟೆ ಈಗಲೂ ಕಡಲ ದಂಡೆಯಲ್ಲಿ ನಿಂತಿದೆ.

ರಾಷ್ಟ್ರೀಯ ಮ್ಯೂಸಿಯಂಗೆ ಎರಡು ಗಂಟೆ ಇಡಿ. ಅಲ್ಲಿ ಹುಡುಕಬೇಕಾದದ್ದು ಟ್ರುಂಡ್‌ಹೋಮ್‌ನ ಸೂರ್ಯರಥ. 1902ರಲ್ಲಿ ಜೌಗು ನೆಲ ಉಳುವಾಗ ಒಬ್ಬ ರೈತನ ನೇಗಿಲಿಗೆ ಸಿಕ್ಕಿದ್ದು. ಸುಮಾರು 3,400 ವರ್ಷ ಹಳೆಯದು. ಕಂಚಿನ ಕುದುರೆ, ಅದರ ಹಿಂದೆ ಚಿನ್ನದ ತಗಡು ಹೊದಿಸಿದ ಸೂರ್ಯನ ಬಿಲ್ಲೆ, ಕೆಳಗೆ ಪುಟ್ಟ ಚಕ್ರಗಳು. ರಥಸಪ್ತಮಿ ರಂಗೋಲಿ ನೋಡಿ ಬೆಳೆದ ನಮಗೆ ಯಾರೂ ವಿವರಿಸಬೇಕಿಲ್ಲ. ನಮ್ಮ ಸೂರ್ಯನಿಗೆ ಏಳು ಕುದುರೆ, ಅವರದ್ದಕ್ಕೆ ಒಂದೇ. ಬಿಲ್ಲೆಯ ಒಂದು ಮುಖಕ್ಕೆ ಮಾತ್ರ ಚಿನ್ನ ಇದೆ. ಒಂದು ಕಡೆ ಹಗಲು, ಇನ್ನೊಂದು ಕಡೆ ರಾತ್ರಿ ಅಂತ ತಿಳಿದವರು ಹೇಳುತ್ತಾರೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ನ್ಯೂಹಾವ್‌ನ ಬಣ್ಣದ ಮನೆಗಳನ್ನು ಬೆಳಿಗ್ಗೆ ಎಂಟರೊಳಗೆ ನೋಡಿ, ಆಮೇಲೆ ಜಾತ್ರೆ. ಕ್ರಿಶ್ಚಿಯನ್ಸ್‌ಬೋರ್ಗ್ ಅರಮನೆಯ ಗೋಪುರಕ್ಕೆ ಟಿಕೆಟ್ ಇಲ್ಲ. 1843ರಲ್ಲಿ ಶುರುವಾದ ಟಿವೋಲಿ ಉದ್ಯಾನಕ್ಕೆ ಸಂಜೆ ಹೋಗಿ, ದೀಪ ಹಚ್ಚಿದ ಮೇಲೇ ಅದರ ಕಳೆ. ಹಲವು ಮ್ಯೂಸಿಯಂಗಳಿಗೆ ಸೋಮವಾರ ರಜೆ. ಎರಡನೇ ದಿನದ ಸಂಜೆ ನೋರೆಬ್ರೋ ಬಡಾವಣೆಯ ಅಸಿಸ್ಟೆನ್ಸ್ ಸ್ಮಶಾನಕ್ಕೆ ಹೋಗಿ ಬನ್ನಿ. ಹೌದು, ಸ್ಮಶಾನಕ್ಕೇ. ಕಥೆಗಾರ ಆಂಡರ್ಸನ್, ವಿಜ್ಞಾನಿ ನೀಲ್ಸ್ ಬೋರ್ ಇಬ್ಬರೂ ಅಲ್ಲಿದ್ದಾರೆ. ಪಕ್ಕದ ಹುಲ್ಲಿನ ಮೇಲೆ ಜನ ಚಾಪೆ ಹಾಸಿ ಬುತ್ತಿ ಬಿಚ್ಚಿರುತ್ತಾರೆ. ಮೊದಲು ಮುಜುಗರ ಆಗುತ್ತದೆ, ಹತ್ತು ನಿಮಿಷದಲ್ಲಿ ನೀವೂ ಕೂತಿರುತ್ತೀರಿ.

ಸೈಕಲ್ ಹತ್ತುವ ಮೊದಲು

ಕೋಪನ್‌ಹೇಗನ್‌ನಲ್ಲಿ ಸೈಕಲ್ ಅಂದರೆ ವ್ಯಾಯಾಮ ಅಲ್ಲ, ಬಿಎಂಟಿಸಿ. ಸೂಟು ಹಾಕಿದವರು, ಮುಂದಿನ ಪೆಟ್ಟಿಗೆಯಲ್ಲಿ ಎರಡು ಮಕ್ಕಳನ್ನು ಕೂರಿಸಿಕೊಂಡ ಅಮ್ಮಂದಿರು, ಎಪ್ಪತ್ತು ದಾಟಿದ ಅಜ್ಜಂದಿರು, ಎಲ್ಲರೂ ಅದರ ಮೇಲೆ. ಎಲ್ಲರೂ ವೇಗವಾಗಿ ಹೋಗುತ್ತಾರೆ. ಹೊಸಬರು ಇಲ್ಲಿ ಬೈಸಿಕೊಳ್ಳುವುದು ಖಂಡಿತ, ಅದಕ್ಕೇ ಈ ಭಾಗ ಎರಡು ಸಲ ಓದಿ.

ಬಾಡಿಗೆಗೆ ಹೋಟೆಲಿನಲ್ಲೇ ಕೇಳಿ, ಇಲ್ಲವೇ ಅಂಗಡಿಯಿಂದ ಇಡೀ ದಿನಕ್ಕೆ ತೆಗೆದುಕೊಳ್ಳಿ. ಸೀಟ್ ಕೆಳಗೆ ಮಾಡಿಸಿಕೊಳ್ಳಲು ನಾಚಿಕೆ ಬೇಡ, ಅಲ್ಲಿಯವರು ಉದ್ದ. ಹಲವು ಸೈಕಲ್‌ಗಳಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕ್ ಹಿಡಿಯುತ್ತದೆ. ನಮಗೆ ಸುಮ್ಮಸುಮ್ಮನೆ ಹಿಂದಕ್ಕೆ ತಿರುಗಿಸುವ ಅಭ್ಯಾಸ ಇರುತ್ತದಲ್ಲ, ಮೊದಲ ದಿನ ಅದರಿಂದಲೇ ನಾನು ಮುಗ್ಗರಿಸಿದೆ. ಖಾಲಿ ಬೀದಿಯಲ್ಲಿ ಐದು ನಿಮಿಷ ಓಡಿಸಿ ನೋಡಿ.

ಆಮೇಲೆ ನಿಯಮಗಳು. ರಸ್ತೆಯ ಬಲಕ್ಕೆ, ಸೈಕಲ್ ಪಥದಲ್ಲೇ. ಪಥದಲ್ಲೂ ಬಲಕ್ಕೇ ಇರಿ, ಎಡಗಡೆ ಹಿಂದಿಕ್ಕುವವರಿಗೆ. ನಿಲ್ಲಿಸುವ ಮೊದಲು ಕೈಯನ್ನು ಭುಜದ ಮಟ್ಟಕ್ಕೆ ಎತ್ತಿ, ಆಶೀರ್ವಾದ ಮಾಡುವ ಹಾಗೆ. ಹಾಗೆ ಕೈ ಎತ್ತದೆ ಫೋಟೋ ತೆಗೆಯಲು ಗಕ್ಕನೆ ನಿಂತರೆ ಹಿಂದಿನವರು ಬಂದು ಗುದ್ದುತ್ತಾರೆ. ತಿರುಗುವಾಗ ಆ ಕಡೆಯ ಕೈ ಚಾಚಿ.

ಎಡಕ್ಕೆ ತಿರುಗುವುದು ಎಲ್ಲರೂ ತಪ್ಪುವ ಜಾಗ. ನಾವು ಊರಲ್ಲಿ ಮಾಡುವ ಹಾಗೆ ಸರ್ಕಲ್ಲಿನ ನಡುವಿಂದ ಓರೆಯಾಗಿ ಹೋಗುವಂತಿಲ್ಲ. ಹಸಿರು ಬಿದ್ದಾಗ ನೇರ ಹೋಗಿ, ಆಚೆ ಮೂಲೆಯಲ್ಲಿ ನಿಲ್ಲಿ. ಅಲ್ಲೇ ಸೈಕಲ್ ಎಡಕ್ಕೆ ತಿರುಗಿಸಿಕೊಂಡು, ಆ ದಿಕ್ಕಿಗೆ ಹಸಿರು ಬಿದ್ದ ಮೇಲೆ ದಾಟಿ. ಎರಡು ಕಂತಿನಲ್ಲಿ ತಿರುವು, ಅಷ್ಟೇ. ಕೆಂಪು ದೀಪ ದಾಟಿದರೂ ಫೋನ್ ಕೈಯಲ್ಲಿ ಹಿಡಿದರೂ ದಂಡ ಇದೆ. ರಾತ್ರಿ ಹಿಂದೆ ಮುಂದೆ ದೀಪ ಇರಲೇಬೇಕು. ಹೆಲ್ಮೆಟ್ ಕಡ್ಡಾಯ ಅಲ್ಲ, ಆದರೂ ಹಾಕಿಕೊಳ್ಳಿ.

ಬೆಳಗಿನ ಏಳೂವರೆಯಿಂದ ಒಂಬತ್ತು, ಸಂಜೆ ನಾಲ್ಕರ ಹೊತ್ತು ಹೊಸಬರಿಗೆ ಬೇಡ. ಕೈ ಪಳಗಿದ ಮೇಲೆ ನೋರೆಬ್ರೋಗೇಡ್ ರಸ್ತೆಯಲ್ಲಿ ಹೋಗಿ ನೋಡಿ. ಅಲ್ಲಿನ ಸಿಗ್ನಲ್‌ಗಳನ್ನು ಸೈಕಲ್ಲಿನವರಿಗೆ ಹೊಂದಿಸಿದ್ದಾರೆ. ದಟ್ಟಣೆ ಹೊತ್ತಿನಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗ ಹಿಡಿದರೆ ಒಂದಾದ ಮೇಲೊಂದು ಹಸಿರು ಸಿಗುತ್ತದೆ. ನಡೆದು ಹೋಗುವವರಿಗೂ ಒಂದು ಮಾತು. ಸೈಕಲ್ ಪಥವನ್ನು ಫುಟ್‌ಪಾತ್ ಅಂದುಕೊಂಡು ನಿಂತು ಹರಟಬೇಡಿ. ಟಿಣ್ ಟಿಣ್ ಬೆಲ್ ಕೇಳಿದರೆ ಅದು ನಿಮಗೇ.

ಊಟ

ಮಾಂಸ ತಿನ್ನುವವರಿಗೆ ಕಷ್ಟ ಇಲ್ಲ. ಹಂದಿಮಾಂಸದ ದೇಶ ಅನ್ನುವುದು ಗೊತ್ತಿರಲಿ. 2014ರಲ್ಲಿ ಜನರೇ ಮತ ಹಾಕಿ ರಾಷ್ಟ್ರೀಯ ಖಾದ್ಯ ಅಂತ ಆರಿಸಿದ್ದು ಗರಿಗರಿ ಹಂದಿಮಾಂಸವನ್ನೇ. ಸ್ಮೋರ್‌ಬ್ರೋ ಅನ್ನುವುದು ಮಧ್ಯಾಹ್ನದ ಊಟ. ಕಪ್ಪು ರೈ ಬ್ರೆಡ್ಡಿನ ಒಂದೇ ಹೋಳು, ಮೇಲೆ ಬೆಣ್ಣೆ, ಅದರ ಮೇಲೆ ಮೀನೋ ಮೊಟ್ಟೆಯೋ ಮಾಂಸವೋ. ಚಾಕು, ಫೋರ್ಕ್ ಹಿಡಿದು ತಿನ್ನಬೇಕು, ಕೈಯಲ್ಲಿ ಎತ್ತಿದರೆ ಎಲ್ಲ ಮಡಿಲಿಗೆ.

ಸಸ್ಯಾಹಾರಿಗಳು ‘ಕಾರ್ಟೋಫೆಲ್‌ಮ್ಯಾಡ್’ ಕೇಳಿ. ಅದೇ ಬ್ರೆಡ್ಡಿನ ಮೇಲೆ ಬೇಯಿಸಿದ ಆಲೂಗಡ್ಡೆ ಬಿಲ್ಲೆಗಳು, ಮಯೋನೀಸ್, ಮೇಲೆ ಹುರಿದ ಈರುಳ್ಳಿ. ಹಂದಿಮಾಂಸದ ಚೂರು ಉದುರಿಸುವವರೂ ಇದ್ದಾರೆ, ಆದ್ದರಿಂದ ಮೊದಲೇ ಹೇಳಿ. ಮೀನೂ ತಿನ್ನುವುದಿಲ್ಲ ಅನ್ನುವುದನ್ನು ಬಿಡಿಸಿ ಹೇಳಿ. ಅಂಗಡಿಯಲ್ಲಿ ಪ್ಯಾಕೆಟ್ ಓದುವಾಗ ‘ಸ್ವೀನ್’ ಹಂದಿ, ‘ಒಕ್ಸೆ’ ದನ, ‘ಕ್ಯೂಲಿಂಗ್’ ಕೋಳಿ, ‘ಫಿಸ್ಕ್’ ಮೀನು, ‘ಎಗ್’ ಮೊಟ್ಟೆಯೇ. ನೋರೆಬ್ರೋ ಕಡೆ ಫಲಾಫೆಲ್ (ಕಡಲೆಕಾಳಿನ ವಡೆ) ಅಂಗಡಿಗಳು ಬೇಕಾದಷ್ಟಿವೆ. ಹೊಟ್ಟೆಯನ್ನೂ ಜೇಬನ್ನೂ ಉಳಿಸಿದ್ದು ಅವೇ. ನೆಟ್ಟೋ, ರೇಮಾ 1000, ಲಿಡ್ಲ್ ಅಂತ ಸೋವಿ ಸೂಪರ್ ಮಾರ್ಕೆಟ್‌ಗಳಿವೆ. ಅಡುಗೆಮನೆ ಇರುವ ಕೋಣೆ ಹಿಡಿದು ಒಂದು ಹೊತ್ತು ಅನ್ನ ಸಾರು ಮಾಡಿಕೊಂಡರೆ ಖರ್ಚು ಅರ್ಧ.

ಬೇಕರಿಗೆ ಮಾತ್ರ ಕೈ ಬಿಗಿ ಹಿಡಿಯಬೇಡಿ. ಒಳಗೆ ಹೋದ ಕೂಡಲೇ ಗೋಡೆಯ ಮೇಲಿನ ಯಂತ್ರದಿಂದ ನಂಬರಿನ ಚೀಟಿ ಹರಿದುಕೊಳ್ಳಿ. ಚೀಟಿ ಇಲ್ಲದೆ ಎಷ್ಟು ಹೊತ್ತು ನಿಂತರೂ ಯಾರೂ ಕೇಳುವುದಿಲ್ಲ, ನಾನು ನಿಂತಿದ್ದೇನೆ. ‘ಕನೇಲ್‌ಸ್ನೈಲ್’ ಅಂದರೆ ದಾಲ್ಚಿನ್ನಿ ಬಸವನಹುಳು. ಸುರುಳಿ ಸುತ್ತಿದ ಬನ್ನು, ಪದರ ಪದರ, ಬೆಣ್ಣೆ ಬೆರಳಿಗೆ ಹತ್ತುತ್ತದೆ. ಜಗತ್ತೆಲ್ಲ ಡ್ಯಾನಿಶ್ ಅಂತ ಕರೆಯುವ ಈ ತಿಂಡಿಗಳಿಗೆ ಅವರ ಹೆಸರು ‘ವೀನರ್‌ಬ್ರೋ’, ವಿಯೆನ್ನಾ ಬ್ರೆಡ್. 1850ರಲ್ಲಿ ಬೇಕರಿ ಕೆಲಸಗಾರರು ಮುಷ್ಕರ ಹೂಡಿದಾಗ ಆಸ್ಟ್ರಿಯಾದಿಂದ ಬಂದವರು ಕಲಿಸಿದ್ದಂತೆ. ಕಪ್ಪು ಮಿಠಾಯಿ ಕೊಟ್ಟರೆ ಹುಷಾರು. ಜೇಷ್ಠಮಧುವಿಗೆ ಉಪ್ಪು ಬೆರೆಸಿದ್ದು. ಅವರು ಪ್ರಾಣ ಬಿಡುತ್ತಾರೆ, ನಮ್ಮ ಮನೆಯಲ್ಲಿ ಯಾರೂ ಎರಡನೆಯದು ತಿನ್ನಲಿಲ್ಲ.

ಮೂರು ಮತ್ತು ನಾಲ್ಕನೇ ದಿನ: ಹತ್ತಿರದ ಎರಡು ಊರು

ಒಂದು ದಿನ ಉತ್ತರಕ್ಕೆ, ಹೆಲ್ಸಿಂಗೋರ್. ರೈಲಿನಲ್ಲಿ ಮುಕ್ಕಾಲು ಗಂಟೆ. ಅಲ್ಲಿ ಕ್ರೋನ್‌ಬೋರ್ಗ್ ಕೋಟೆ. ಷೇಕ್ಸ್‌ಪಿಯರ್ ತನ್ನ ಹ್ಯಾಮ್ಲೆಟ್ ನಾಟಕದ ಕಥೆಯನ್ನು ಇಟ್ಟಿರುವುದು ಈ ಊರಲ್ಲೇ. ಕೋಟೆ ಯಾಕೆ ಅಷ್ಟು ಜೋರಾಗಿದೆ ಅನ್ನುವುದಕ್ಕೆ ಉತ್ತರ ಕಡಲಲ್ಲಿದೆ. ದಂಡೆಯಲ್ಲಿ ನಿಂತರೆ ಎದುರಿಗೇ ಸ್ವೀಡನ್, ನಡುವೆ ನಾಲ್ಕೇ ಕಿಲೋಮೀಟರ್ ನೀರು. ಬಾಲ್ಟಿಕ್‌ಗೆ ಹೋಗುವ ಹಡಗುಗಳಿಗೆ ಇದೇ ಮುಖ್ಯ ದಾರಿ. 1429ರಿಂದ 1857ರವರೆಗೆ, ನಾನೂರಕ್ಕೂ ಹೆಚ್ಚು ವರ್ಷ, ದಾಟುವ ಹಡಗುಗಳಿಂದ ಡೆನ್ಮಾರ್ಕಿನ ದೊರೆಗಳು ಸುಂಕ ವಸೂಲಿ ಮಾಡಿದರು. ನೈಸ್ ರಸ್ತೆಯ ಟೋಲ್ ಗೇಟ್ ಅಂದುಕೊಳ್ಳಿ, ತೋಪಿನ ಕಾವಲಿರುವ ಟೋಲ್ ಗೇಟ್. ನೆಲಮಾಳಿಗೆಯಲ್ಲಿ ಹೋಲ್ಗರ್ ಡಾನ್ಸ್ಕೆ ಅನ್ನುವ ವೀರನ ವಿಗ್ರಹ ಕತ್ತಿ ತಬ್ಬಿ ನಿದ್ದೆ ಹೊಡೆಯುತ್ತಿದೆ. ದೇಶಕ್ಕೆ ಆಪತ್ತು ಬಂದಾಗ ಏಳುತ್ತಾನಂತೆ. ವಾಪಸ್ ಬರುವಾಗ ಹುಮ್ಲೆಬೆಕ್‌ನಲ್ಲಿ ಇಳಿದು ಲೂಸಿಯಾನ ಕಲಾ ಮ್ಯೂಸಿಯಂ ನೋಡಿ. ಚಿತ್ರ ಅರ್ಥ ಆಗದಿದ್ದರೂ ಅದರ ಹುಲ್ಲುಹಾಸು, ಕಡಲು ಸಾಕು.

ಇನ್ನೊಂದು ದಿನ ರೋಸ್ಕಿಲ್ಡೆ, ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ಅಲ್ಲಿನ ಇಟ್ಟಿಗೆಯ ದೊಡ್ಡ ಚರ್ಚಿನಲ್ಲಿ ಸುಮಾರು 40 ರಾಜ ರಾಣಿಯರ ಸಮಾಧಿಗಳಿವೆ. ಆಮೇಲೆ ಇಳಿಜಾರಿನಲ್ಲಿ ನಡೆದು ಕೊಲ್ಲಿಯ ದಂಡೆಯ ವೈಕಿಂಗ್ ಹಡಗು ಮ್ಯೂಸಿಯಂಗೆ ಹೋಗಿ. ಸುಮಾರು 1070ರಲ್ಲಿ ಶತ್ರುಗಳು ಬರದಂತೆ ದಾರಿ ಕಟ್ಟಲು ತಮ್ಮದೇ ಹಡಗುಗಳಿಗೆ ಕಲ್ಲು ತುಂಬಿ ಮುಳುಗಿಸಿದ್ದರು. 1962ರಲ್ಲಿ ಅವುಗಳಲ್ಲಿ ಐದನ್ನು ಮೇಲೆತ್ತಿದರು. ಅದರಲ್ಲಿ ದೊಡ್ಡ ಯುದ್ಧದ ಹಡಗು ಕಟ್ಟಿದ್ದು ಐರ್ಲೆಂಡಿನ ಡಬ್ಲಿನ್‌ನಲ್ಲಿ. ಅದು ಗೊತ್ತಾದದ್ದು ಹಲಗೆಯಲ್ಲಿ ಕಾಣುವ, ಮರ ವರ್ಷ ವರ್ಷ ಬೆಳೆದ ಉಂಗುರಗಳಿಂದ. ಬೇಸಿಗೆಯಲ್ಲಿ ಅದೇ ಮಾದರಿಯ ದೋಣಿಗಳಲ್ಲಿ ಪ್ರವಾಸಿಗರನ್ನು ಕರೆದೊಯ್ಯುತ್ತಾರೆ, ಆದರೆ ಹುಟ್ಟು ಹಾಕಬೇಕಾದವರು ನೀವೇ. ಅಂಗೈ ಬೊಬ್ಬೆ ಬರುತ್ತದೆ.

ಐದನೇ ದಿನ: ಓಡೆನ್ಸೆ

ರೈಲು ಟಿಕೆಟನ್ನು ವಾರಗಳ ಮೊದಲೇ ತೆಗೆದರೆ ‘ಆರೆಂಜ್’ ಅನ್ನುವ ಸೋವಿ ದರ ಸಿಗುತ್ತದೆ. ಸೀಟ್ ರಿಸರ್ವೇಶನ್ ಬೇರೆ, ಬೇಸಿಗೆಯಲ್ಲಿ ಅದನ್ನೂ ಮಾಡಿಸಿ. ‘ಸ್ಟಿಲೆ’ ಅಂತ ಬರೆದ ಬೋಗಿ ಮೌನದ ಬೋಗಿ. ನಾನು ಅದರಲ್ಲಿ ಕೂತು ಅಮ್ಮನಿಗೆ ಫೋನ್ ಮಾಡಿದೆ. ಉಪ್ಪಿನಕಾಯಿ ಜಾಡಿಯ ಬಗ್ಗೆ ಎರಡು ನಿಮಿಷ ಮಾತಾಡಿರಬಹುದು. ಯಾರೂ ಏನೂ ಅನ್ನಲಿಲ್ಲ. ಎದುರಿನ ಹೆಂಗಸು ನನ್ನನ್ನು ನೋಡಿದರು, ಗಾಜಿನ ಮೇಲಿನ ಚಿತ್ರವನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಅಷ್ಟು ಸಾಕಾಯಿತು.

ನಡುವೆ ರೈಲು ಗ್ರೇಟ್ ಬೆಲ್ಟ್ ಅನ್ನುವ ಜಲಸಂಧಿ ದಾಟುತ್ತದೆ. 18 ಕಿಲೋಮೀಟರ್ ನೀರು, ಅರ್ಧ ಸುರಂಗ, ಅರ್ಧ ಸೇತುವೆ. 1997ಕ್ಕೆ ಮೊದಲು ರೈಲನ್ನೇ ಹಡಗಿಗೆ ಹತ್ತಿಸಿ ದಾಟಿಸುತ್ತಿದ್ದರು. ಸುರಂಗದಿಂದ ಹೊರಬರುವಾಗ ಹಿಂದಕ್ಕೆ ತಿರುಗಿ ನೋಡಿ. ರಸ್ತೆಯ ತೂಗುಸೇತುವೆಯ 254 ಮೀಟರ್ ಎತ್ತರದ ಕಂಬಗಳು ಕಾಣುತ್ತವೆ. ಬೆಟ್ಟ ಇಲ್ಲದ ದೇಶಕ್ಕೆ ಅವೇ ಬೆಟ್ಟ.

ಓಡೆನ್ಸೆ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಹುಟ್ಟಿದ ಊರು, 1805ರಲ್ಲಿ. 2021ರಲ್ಲಿ ತೆರೆದ ಹೊಸ ಮ್ಯೂಸಿಯಂ ಬಹುಪಾಲು ನೆಲದಡಿ ಇದೆ. ಕಾರ್ಡುಗಳ ಮೇಲೆ ಬರೆದ ಚರಿತ್ರೆ ಓದಿಸುವುದಕ್ಕಿಂತ ಕಥೆಯೊಳಗೇ ನಡೆಸುತ್ತಾರೆ. ಮಕ್ಕಳಿಗೆ ಖುಷಿ.

ಈ ಊರಿಗೆ ಇನ್ನೊಂದು ನಂಟಿದೆ. ಎರಡು ಸಲ ಒಲಿಂಪಿಕ್ ಚಿನ್ನ ಗೆದ್ದ ಬ್ಯಾಡ್ಮಿಂಟನ್ ಆಟಗಾರ ವಿಕ್ಟರ್ ಆ್ಯಕ್ಸೆಲ್ಸನ್ ಇಲ್ಲಿಯವರು. ಚಳಿಗಾಲದಲ್ಲಿ ಊರೂರಿನ ಹಾಲ್‌ಗಳಲ್ಲಿ ಷಟಲ್ ಸದ್ದು. ನಮ್ಮ ಪ್ರಕಾಶ್ ಪಡುಕೋಣೆ 1980ರಲ್ಲಿ ಡ್ಯಾನಿಶ್ ಓಪನ್, ಆಲ್ ಇಂಗ್ಲೆಂಡ್ ಎರಡನ್ನೂ ಗೆದ್ದು, ಆಮೇಲೆ ವರ್ಷಗಟ್ಟಲೆ ಕೋಪನ್‌ಹೇಗನ್‌ನಲ್ಲಿ ನೆಲೆಸಿ ಆಡಿದ್ದು ಇದೇ ಕಾರಣಕ್ಕೆ. ಮಗಳು ದೀಪಿಕಾ ಹುಟ್ಟಿದ್ದೂ ಅಲ್ಲೇ, 1986ರಲ್ಲಿ. ಡೇನ್ ಒಬ್ಬರ ಜೊತೆ ಮಾತು ಶುರು ಮಾಡಲು ದಾರಿ ಹುಡುಕುತ್ತಿದ್ದರೆ ಹವಾಮಾನ ಬಿಟ್ಟು ಬ್ಯಾಡ್ಮಿಂಟನ್ ಎತ್ತಿ.

ಆರರಿಂದ ಎಂಟು: ಜಟ್ಲೆಂಡ್

ವೈಲೆ ಅನ್ನುವ ಊರಿಗೆ ಬನ್ನಿ. ಅಲ್ಲಿಂದ ಪುಟ್ಟ ರೈಲಿನಲ್ಲಿ ಕಾಲು ಗಂಟೆ, ಯೆಲ್ಲಿಂಗ್. ನನ್ನ ಮಟ್ಟಿಗೆ ಇಡೀ ಪ್ರವಾಸದ ತಿರುಳು ಈ ಹಳ್ಳಿ. ಒಂದು ಬಿಳಿ ಚರ್ಚು, ಎರಡು ಕಡೆ ಹುಲ್ಲು ಬೆಳೆದ ಎರಡು ದೊಡ್ಡ ಮಣ್ಣಿನ ಗುಡ್ಡೆ, ಚರ್ಚಿನ ಬಾಗಿಲ ಮುಂದೆ ಗಾಜಿನ ಪೆಟ್ಟಿಗೆಯಲ್ಲಿ ಎರಡು ಕಲ್ಲು. ನಮಗೆ ಹಲ್ಮಿಡಿ ಶಾಸನ ಹೇಗೋ ಅವರಿಗೆ ಇವು ಹಾಗೆ. ಚಿಕ್ಕ ಕಲ್ಲು ಗೋರ್ಮ್ ದೊರೆ ತನ್ನ ಹೆಂಡತಿ ತೂರಾಳ ನೆನಪಿಗೆ ನೆಡಿಸಿದ್ದು, ಡೆನ್ಮಾರ್ಕ್ ಅನ್ನುವ ಹೆಸರು ಅದರಲ್ಲಿದೆ. ದೊಡ್ಡದು ಅವರ ಮಗ ಹೆರಾಲ್ಡ್ ಸುಮಾರು 965ರಲ್ಲಿ ನೆಡಿಸಿದ್ದು. ಡೆನ್ಮಾರ್ಕ್, ನಾರ್ವೆಗಳನ್ನು ಗೆದ್ದೆ, ಡೇನರನ್ನು ಕ್ರೈಸ್ತರನ್ನಾಗಿ ಮಾಡಿದೆ ಅಂತ ಕೆತ್ತಿಸಿದ್ದಾನೆ. ಒಂದು ಮುಖದಲ್ಲಿ ಹಾವು ಸುತ್ತಿಕೊಂಡ ಪ್ರಾಣಿ, ಇನ್ನೊಂದರಲ್ಲಿ ಕೈ ಚಾಚಿದ ಕ್ರಿಸ್ತ.

ಈ ಹೆರಾಲ್ಡ್‌ನ ಅಡ್ಡಹೆಸರು ‘ನೀಲಿ ಹಲ್ಲು’, ಅಂದರೆ ಬ್ಲೂಟೂತ್. ಬೇರೆ ಬೇರೆ ಉಪಕರಣಗಳನ್ನು ಒಂದುಗೂಡಿಸುವ ತಂತ್ರಜ್ಞಾನಕ್ಕೆ ಎಂಜಿನಿಯರುಗಳು ಇವನ ಹೆಸರಿಟ್ಟರು. ನಿಮ್ಮ ಫೋನಿನಲ್ಲಿರುವ ಆ ಗುರುತು ಅವನ ಹೆಸರಿನ ಎರಡು ರೂನ್ (ಅಲ್ಲಿನ ಹಳೆಯ ಲಿಪಿ) ಅಕ್ಷರಗಳ ಜೋಡಣೆ. ಮಗಳು ಇಯರ್‌ಫೋನ್ ಕಿವಿಯಿಂದ ತೆಗೆದು, ಕಲ್ಲನ್ನೂ ಫೋನನ್ನೂ ಒಂದಾದ ಮೇಲೊಂದು ನೋಡಿದಳು. ಎದುರಿಗಿರುವ ಮ್ಯೂಸಿಯಂಗೆ ಟಿಕೆಟ್ ಇಲ್ಲ. ಗುಡ್ಡೆ ಹತ್ತಿ ನಿಂತರೆ ಹಳೆಯ ಕೋಟೆಯ ಬೇಲಿ ಎಲ್ಲಿತ್ತು ಅನ್ನುವುದನ್ನು ಬಿಳಿ ಕಂಬಗಳ ಸಾಲು ತೋರಿಸುತ್ತದೆ.

ಚಿಕ್ಕ ಮಕ್ಕಳಿದ್ದರೆ ಮಾರನೇ ದಿನ ಬಿಲ್ಲುಂಡ್. ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್ಸನ್ 1932ರಲ್ಲಿ ಮರದ ಆಟಿಕೆ ಮಾಡಲು ಶುರು ಮಾಡಿದ ಊರು, ಲೆಗೋ ಹುಟ್ಟಿದ್ದು ಇಲ್ಲಿ. ಮಕ್ಕಳಿಲ್ಲದಿದ್ದರೆ ನೇರ ಆರ್ಹುಸ್‌ಗೆ ಹೋಗಿ. ಅಲ್ಲಿನ ಮೋಸ್‌ಗೋರ್ ಮ್ಯೂಸಿಯಂನಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆ ಜೌಗಿನಲ್ಲಿ ಹೂತುಹೋದ ಮನುಷ್ಯನ ದೇಹ ಕೂದಲು ಸಮೇತ ಉಳಿದಿದೆ.

ಕೊನೆಯ ದಿನಕ್ಕೆ ಆಯ್ಕೆ ನಿಮ್ಮದು. ದಕ್ಷಿಣದ ರಿಬೆ ದೇಶದ ಅತಿ ಹಳೆಯ ಪಟ್ಟಣ, ಬೇಸಿಗೆಯ ರಾತ್ರಿಗಳಲ್ಲಿ ಕಾವಲುಗಾರ ಲಾಟೀನು ಹಿಡಿದು ಹಾಡುತ್ತಾ ಓಣಿಗಳಲ್ಲಿ ಸುತ್ತುತ್ತಾನೆ, ಹಿಂದೆಯೇ ನೀವೂ ಹೋಗಬಹುದು. ಉತ್ತರ ತುದಿಯ ಸ್ಕಾಗೆನ್‌ನಲ್ಲಿ ಎರಡು ಸಮುದ್ರದ ಅಲೆಗಳು ಎದುರುಬದುರು ಬಡಿದುಕೊಳ್ಳುವ ಮರಳ ಮೂಗಿದೆ. ಒಂದೊಂದು ಸಮುದ್ರದಲ್ಲಿ ಒಂದೊಂದು ಕಾಲಿಟ್ಟು ನಿಲ್ಲಬಹುದು, ಈಜುವಂತಿಲ್ಲ, ಸೆಳೆತ ಜಾಸ್ತಿ. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ನಾವು ರಿಬೆಗೆ ಹೋದೆವು, ಸ್ಕಾಗೆನ್ ಬಾಕಿ ಇದೆ.

ಜನರ ಜೊತೆ

ಡೇನರು ಗಂಟುಮುಖದವರು ಅಂತ ಮೊದಲಿಗೆ ಅನಿಸುತ್ತದೆ. ದಾರಿ ಕೇಳಿ ನೋಡಿ, ನಿಂತು, ಫೋನ್ ತೆಗೆದು, ಚೆನ್ನಾದ ಇಂಗ್ಲಿಷಿನಲ್ಲಿ ವಿವರಿಸುತ್ತಾರೆ. ತಾವಾಗಿ ಮಾತಾಡಿಸುವುದಿಲ್ಲ, ಅಷ್ಟೇ. ಸರ್, ಮೇಡಂ ಅಲ್ಲಿ ನಡೆಯುವುದಿಲ್ಲ, ಎಲ್ಲರಿಗೂ ಹೆಸರು ಹಿಡಿದೇ ಕರೆಯುವುದು. ಸಿಕ್ಕಾಗ ‘ಹಾಯ್’, ಹೊರಡುವಾಗ ‘ಹಾಯ್ ಹಾಯ್’. ಎಲ್ಲದಕ್ಕೂ ‘ಟಾಕ್’, ಧನ್ಯವಾದ. ಊಟಕ್ಕೆ ಕರೆದರೆ ಆರು ಗಂಟೆ ಅಂದರೆ ಆರೇ ಗಂಟೆ. ಊಟ ಆದ ಮೇಲೆ ‘ಟಾಕ್ ಫೊರ್ ಮ್ಯಾಡ್’ ಅನ್ನಿ, ಊಟಕ್ಕೆ ಧನ್ಯವಾದ ಅಂತ. ಬೆಲೆ ಕೇಳಿದಾಗ ಬಾಯಲ್ಲಿ ಹೇಳಿದ್ದು ಅರ್ಥ ಆಗದಿದ್ದರೆ ಬೇಜಾರಾಗಬೇಡಿ. ಅವರು ಇಪ್ಪತ್ತರ ಲೆಕ್ಕದಲ್ಲಿ ಎಣಿಸುತ್ತಾರೆ. ಅರವತ್ತು ಅಂದರೆ ಮೂರು ಇಪ್ಪತ್ತು, ಐವತ್ತು ಅಂದರೆ ಎರಡೂವರೆ ಇಪ್ಪತ್ತು!

ಕೆಫೆ ಹೊರಗೆ ತಳ್ಳುಗಾಡಿಯಲ್ಲಿ ಮಗು ಒಂದೇ ಮಲಗಿದ್ದರೆ ಗಾಬರಿಯಾಗಬೇಡಿ. ಅಪ್ಪ ಅಮ್ಮ ಒಳಗೆ ಕಾಫಿ ಕುಡಿಯುತ್ತಿರುತ್ತಾರೆ.

ಆ ಚಿಲ್ಲರೆಯ ವಿಷಯಕ್ಕೆ ಬರೋಣ. ಹಳ್ಳಿ ರಸ್ತೆಯಲ್ಲಿ ಸೈಕಲ್ ತುಳಿಯುವಾಗ ಮನೆಗಳ ಮುಂದೆ ಪುಟ್ಟ ಮರದ ಗೂಡು ಕಾಣುತ್ತದೆ. ಸ್ಟ್ರಾಬೆರಿ, ಆಲೂಗಡ್ಡೆ, ಜೇನು, ಹೂವು. ಮಾರುವವರು ಯಾರೂ ಇಲ್ಲ. ಬೆಲೆ ಬರೆದ ಹಲಗೆ, ಪಕ್ಕದಲ್ಲಿ ಒಂದು ಡಬ್ಬ. ದುಡ್ಡು ಹಾಕಿ ಸಾಮಾನು ತೆಗೆದುಕೊಂಡು ಹೋಗಬೇಕು. ಮೊಬೈಲ್‌ಪೇ ಇಲ್ಲದ ನಮಗೆ ನಾಣ್ಯ ಬೇಕಾಗುವುದು ಇಲ್ಲೇ. ಯೆಲ್ಲಿಂಗ್ ಹತ್ತಿರ ಒಂದು ಗೂಡಿನಲ್ಲಿ ಸ್ಟ್ರಾಬೆರಿ ಬುಟ್ಟಿಗೆ 30 ಕ್ರೋನರ್ ಇತ್ತು, ನನ್ನ ಹತ್ತಿರ 20ರ ಎರಡು ನಾಣ್ಯ. ಚಿಲ್ಲರೆ ತೆಗೆದುಕೊಳ್ಳಲು ಡಬ್ಬದೊಳಗೆ ಕೈ ಹಾಕುವ ಧೈರ್ಯ ಬರಲಿಲ್ಲ. ನಲವತ್ತೂ ಹಾಕಿ ಬಂದೆ.

ಹೊರಡುವ ದಿನ

ಒಂಬತ್ತು ದಿನದಲ್ಲಿ ಕೋಣೆಯಲ್ಲಿ ಖಾಲಿ ಜ್ಯೂಸ್, ಸೋಡಾ ಬಾಟಲಿಗಳು ಸೇರಿರುತ್ತವೆ. ಎಸೆಯಬೇಡಿ. ಕೊಳ್ಳುವಾಗಲೇ ಪ್ರತಿ ಬಾಟಲಿಗೆ ಠೇವಣಿ ಕೊಟ್ಟಿರುತ್ತೀರಿ, ಅದಕ್ಕೆ ಅವರ ಹೆಸರು ‘ಪಾಂಟ್’. ಮೇಲೆ ಎ, ಬಿ, ಸಿ ಗುರುತು ಇರುತ್ತದೆ: ಒಂದು, ಒಂದೂವರೆ, ಮೂರು ಕ್ರೋನರ್. ಗುರುತಿಲ್ಲದ ಬಾಟಲಿಗೆ ಏನೂ ಬರದು. ಸೂಪರ್ ಮಾರ್ಕೆಟ್ಟಿನ ಮೂಲೆಯಲ್ಲಿ ಯಂತ್ರದ ದುಂಡು ಬಾಯಿ ಇದೆ. ಜಜ್ಜದೆ, ತಳ ಮುಂದೆ ಮಾಡಿ, ಒಂದೊಂದಾಗಿ ಕೊಡಿ. ಗಿರ್ ಅಂತ ತಿರುಗಿಸಿ ನೋಡಿ ನುಂಗುತ್ತದೆ. ಕೊನೆಗೆ ಗುಂಡಿ ಒತ್ತಿ ಚೀಟಿ ತೆಗೆದುಕೊಂಡು ಕೌಂಟರಿನಲ್ಲಿ ಕೊಡಿ. ನಮ್ಮದು 34 ಕ್ರೋನರ್ ಆಯಿತು.

ಅದರಲ್ಲಿ ಬಂದ ಚಿಲ್ಲರೆಯಲ್ಲಿ ಒಂದು ಕ್ರೋನ್ ನಾಣ್ಯಗಳೂ ಇದ್ದವು. ನಡುವೆ ತೂತಿರುತ್ತದೆ, ಅಜ್ಜಿ ಕಾಲದ ತೂತುಕಾಸಿನ ಹಾಗೆಯೇ. ವಿಮಾನ ನಿಲ್ದಾಣದ ಬೇಕರಿಯಲ್ಲಿ ಉಳಿದದ್ದನ್ನೆಲ್ಲ ಖರ್ಚು ಮಾಡಿದೆವು. ಒಂದನ್ನು ಮಾತ್ರ ಮಗಳು ಕೊಡಲಿಲ್ಲ. ಕೆಂಪು ದಾರಕ್ಕೆ ಪೋಣಿಸಿ ಸೈಕಲ್ ಹ್ಯಾಂಡಲ್‌ಗೆ ಕಟ್ಟಿಕೊಂಡಿದ್ದಾಳೆ. ಈಗ ಅವಳು ನಮ್ಮ ಲೇಔಟಿನಲ್ಲಿ ನಿಲ್ಲಿಸುವ ಮೊದಲು ಕೈ ಎತ್ತುತ್ತಾಳೆ. ಹಿಂದಿನ ಸ್ಕೂಟರಿನವರು ಟಾಟಾ ಮಾಡುತ್ತಿದ್ದಾಳೆ ಅಂದುಕೊಂಡು ತಿರುಗಿ ಕೈ ಬೀಸುತ್ತಾರೆ.